ಟೇಪು ಕೂಗಿದ ಸ್ಟಾಪುಗಳು

ನನ್ನ ತಂಗಿಯ ಮಗಳು ಸವಿತಾ ಕಂಡಕ್ಟರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ಮನೆಗೆ ಬಂದು, "ಮಾವ, ಅಷ್ಟು ವರ್ಷ ಬಸ್ಸಲ್ಲಿ ನಿಂತಿದ್ದೀರಿ. ನಂಗೆ ಉಪಯೋಗ ಆಗೋ ಹಂಗೆ ಏನಾದ್ರೂ ಬರ್ಕೊಡಿ" ಅಂದಳು. ಟಿಕೆಟ್ ಹರಿಯುವುದು, ಟ್ರಿಪ್ ಶೀಟ್ ತುಂಬುವುದು, ಎಲ್ಲವನ್ನೂ ಈಗ ಅವಳ ಕೈಲಿರುವ ಯಂತ್ರವೇ ಮಾಡುತ್ತದೆ. ನಾನು ಹೇಳಿಕೊಡುವುದು ಏನೂ ಉಳಿದಿಲ್ಲ. ಆದ್ದರಿಂದ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗದ ಒಂದು ಸಂಗತಿಯನ್ನೇ ಬರೆಯುತ್ತಿದ್ದೇನೆ. ಓದಿದ ಮೇಲೆ ಅವಳಿಗಾದರೂ ಅರ್ಥವಾದರೆ ನನಗೆ ಹೇಳಲಿ.

ನಾನು ಕೆಲಸ ಮಾಡಿದ್ದು ಸರ್ಕಾರಿ ಬಸ್ಸಿನಲ್ಲಲ್ಲ. ತಿಪಟೂರಿನಿಂದ ತುರುವೇಕೆರೆ ಮೇಲೆ ಅಮ್ಮಸಂದ್ರಕ್ಕೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸು. ಮಾಲೀಕರು ಶಿವನಂಜಪ್ಪನವರು, ನಾವೆಲ್ಲ ಸಾವ್ಕಾರ್ರು ಅನ್ನುತ್ತಿದ್ದೆವು. ಡ್ರೈವರು ಬಾಷಾ ಸಾಹೇಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ಕಡಿಮೆ ಮಾತಿನವರು. ದಾರಿಯುದ್ದಕ್ಕೂ ಎರಡೂ ಕಡೆ ತೆಂಗಿನ ತೋಟ, ನಡುನಡುವೆ ರಾಗಿ ಹೊಲ, ಕೆರೆ ಏರಿ, ಮತ್ತೆ ತೋಟ. ಹೊಸಬರಿಗೆ ಯಾವ ಊರು ಎಲ್ಲಿ ಬಂತೆಂದು ತಿಳಿಯುತ್ತಿರಲಿಲ್ಲ. ಸ್ಟಾಪಿನಲ್ಲಿ ಬೋರ್ಡು ಇರುತ್ತಿರಲಿಲ್ಲ, ಇದ್ದರೂ ಓದುವವರು ಕಡಿಮೆ. ಎಲ್ಲದಕ್ಕೂ ಕಂಡಕ್ಟರನ ಗಂಟಲೇ ಗತಿ. ಸಂತೆಯ ದಿನ ಬಸ್ಸಿನೊಳಗೆ ಜನ ಒಬ್ಬರ ಮೇಲೊಬ್ಬರು. ನಾನು ಹಿಂದೆ ನಿಂತು ಕೂಗಿದ್ದು ಮುಂದಿನವರಿಗೆ ಮುಟ್ಟುತ್ತಿರಲಿಲ್ಲ, ಮುಂದೆ ನಿಂತು ಕೂಗಿದ್ದು ಹಿಂದಿನವರಿಗೆ. ಐದಾರು ವರ್ಷಕ್ಕೇ ನನ್ನ ದನಿ ಒಡೆದ ಮಡಕೆಯ ಹಾಗಾಗಿತ್ತು.

ಎಪ್ಪತ್ತರ ದಶಕದ ಕೊನೆಗೆ ಸಾವ್ಕಾರ್ರು ಬಸ್ಸಿಗೆ ಟೇಪ್ ರೆಕಾರ್ಡರ್ ಹಾಕಿಸಿದರು. ನಮ್ಮ ದಾರಿಯಲ್ಲೇ ಓಡುತ್ತಿದ್ದ ಇನ್ನೊಂದು ಬಸ್ಸಿಗೆ ಹಾಡು ಬಂದಿತ್ತು, ಜನ ಅದಕ್ಕೇ ಕಾಯುತ್ತಿದ್ದರು. ನಮ್ಮ ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಸೆಟ್ಟು, ಒಳಗಡೆ ನಾಲ್ಕು ಸ್ಪೀಕರು. ಮೊದಲ ವಾರ ನಾನು ನಿಜವಾಗಿ ಸಂತೋಷಪಟ್ಟೆ. ಜಗಳ ಕಡಿಮೆಯಾಯಿತು. ಸೀಟಿಗೆ ಟವಲ್ಲು ಎಸೆದು ಕಿತ್ತಾಡುತ್ತಿದ್ದವರು ಕೂಡ ತಲೆದೂಗುತ್ತ ನಿಂತಿರುತ್ತಿದ್ದರು. ಬಾಣಸಂದ್ರದ ರೈಲ್ವೆ ಗೇಟು ಹಾಕಿದ್ದರೆ ಮೊದಲು ಎಲ್ಲ ಇಳಿದು ಚದುರಿಹೋಗುತ್ತಿದ್ದರು. ಈಗ ಕೂತಲ್ಲೇ ಕೂತಿರುತ್ತಿದ್ದರು.

ಎರಡನೆಯ ವಾರದಿಂದ ಬೇರೆ ತೊಂದರೆ ಶುರುವಾಯಿತು. ಹಾಡು ಕೇಳುತ್ತ ಜನ ಇಳಿಯುವುದನ್ನೇ ಮರೆಯತೊಡಗಿದರು. ನನ್ನ ಕೂಗು ಹಾಡಿನಲ್ಲಿ ಮುಳುಗಿಹೋಗುತ್ತಿತ್ತು. ಒಬ್ಬರು ಹಿರಿಯರು ತಮ್ಮೂರು ದಾಟಿ ಎರಡು ಸ್ಟಾಪು ಮುಂದೆ ಇಳಿದು ನನಗೇ ಬೈದರು. "ಕೂಗಿದ್ನಲ್ಲ ಯಜಮಾನ್ರೇ" ಅಂದೆ. "ಕೂಗಿರ್ಬೋದು ಕಣಯ್ಯ. ಆದ್ರೆ ಅಲ್ಲೊಬ್ಬ ನಿನಗಿಂತ ಚೆನ್ನಾಗಿ ಹಾಡ್ತಾ ಇದ್ನಲ್ಲ, ನಾನೇನ್ ಮಾಡ್ಲಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗ ನನಗೆ ಹೊಳೆದ ಉಪಾಯದಿಂದಲೇ ಮುಂದಿನದೆಲ್ಲ ಆಯಿತು. ಜನ ಹಾಡು ಕೇಳುತ್ತಾರೆ ಅಂದಮೇಲೆ ಸ್ಟಾಪಿನ ಹೆಸರೂ ಅದೇ ಟೇಪಿನಿಂದ ಬಂದರೆ? ಎರಡು ದಿನ ಗಡಿಯಾರ ಹಿಡಿದುಕೊಂಡು ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಎಂದು ಬರೆದುಕೊಂಡೆ. ತಿಪಟೂರಿನಲ್ಲಿ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಯವನನ್ನು ಹಿಡಿದು, ಎರಡು ಹಾಡು, ಆಮೇಲೆ ನನ್ನ ದನಿ, ಮತ್ತೆ ಒಂದೂವರೆ ಹಾಡು, ಮತ್ತೆ ನನ್ನ ದನಿ, ಹೀಗೆ ತುಂಬಿಸಿದೆ. "ಈಗ ಬರೋದು ಆಲದಮರ. ಆಲದಮರದವರು ಬಾಗಿಲ ಹತ್ರ ಬನ್ನಿ. ನಿಧಾನ." ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು ಹೇಳಿದ್ದೆ. ನನ್ನ ದನಿ ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಬಾಷಾ ಸಾಹೇಬರಿಗೆ ಮಾತ್ರ ಹಿಡಿಸಲಿಲ್ಲ. "ಬಸ್ಸು ಗಡಿಯಾರ ನೋಡ್ಕೊಂಡು ಓಡೋಕಾಯ್ತದಾ ಪುಟ್ಟಸ್ವಾಮಿ? ದನ ಬತ್ತವೆ, ಗಾಡಿ ಬತ್ತವೆ."

"ಬಸ್ಸು ನಿಂತಾಗ ಟೇಪೂ ನಿಲ್ಸಿ ಸಾಹೇಬ್ರೇ. ಹೊರಟಾಗ ಹಾಕಿ. ಅಷ್ಟೇ."

"ನೋಡಾಣ" ಅಂದರು. ಅವರು 'ನೋಡಾಣ' ಅಂದರೆ ಬೇಡ ಎಂದರ್ಥ. ನನಗೆ ಗೊತ್ತಿದ್ದೂ ಗೊತ್ತಿಲ್ಲದವನಂತಿದ್ದೆ.

ಮೊದಲ ದಿನ ಟೇಪು ಗೆದ್ದಿತು. ಪ್ರತಿ ಸ್ಟಾಪಿಗೂ ಸರಿಯಾಗಿ ಕೂಗಿತು. ಸಾವ್ಕಾರ್ರು ಖುದ್ದಾಗಿ ತುರುವೇಕೆರೆವರೆಗೆ ಬಂದು ಕೇಳಿ, "ನೀನು ಕಂಡಕ್ಟ್ರಾಗಿರಬಾರದಿತ್ತು ಕಣಪ್ಪ" ಅಂದರು. ಹೊಗಳಿದರೋ ಏನೋ ತಿಳಿಯಲಿಲ್ಲ, ನಾನಂತೂ ನಕ್ಕೆ. ಆಮೇಲೆ ಒಂದೊಂದು ದಿನ ಟೇಪು ಸ್ವಲ್ಪ ಮುಂದೆ, ಒಂದೊಂದು ದಿನ ಸ್ವಲ್ಪ ಹಿಂದೆ. ದಿನವೂ ಓಡಾಡುವವರಿಗೆ ಅದೊಂದು ತಮಾಷೆ. ಬಸ್ಸು ಕೆರೆ ಏರಿಯ ಮೇಲಿರುವಾಗ ಟೇಪು ಅಮ್ಮಸಂದ್ರ ಅಂದರೆ ಎಲ್ಲ ಗೊಳ್ಳೆಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ದಿನವೂ ಓಡಾಡದವರು ಅದೇ ಬಸ್ಸಿನಲ್ಲಿ ಇರುತ್ತಾರೆ ಎನ್ನುವುದು ನನ್ನ ತಲೆಗೆ ಬರಲಿಲ್ಲ.

ಕೆಂಚಮ್ಮ ಅನ್ನುವ ಅಜ್ಜಿ ಗೊಲ್ಲರಹಟ್ಟಿ ಗೇಟಿನವರು. ಗೇಟು ಅಂದರೆ ಊರೊಳಕ್ಕೆ ದಾರಿ ತಿರುಗುವ ಸ್ಟಾಪು, ಅಷ್ಟೆ. ತಿಪಟೂರಿನಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಇನ್ನೊಂದರಲ್ಲಿ ಮೊದಲಿನಿಂದಲೂ ಬೆಳಕು ನೆರಳು ಮಾತ್ರ. ಕಟ್ಟು ಕಟ್ಟಿಕೊಂಡು, ಮೇಲೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು, ಸೊಸೆ ಗೌರಮ್ಮನ ಕೈ ಹಿಡಿದು ನಮ್ಮ ಬಸ್ಸು ಹತ್ತಿದರು. ಗೌರಮ್ಮ ಹುಳಿಯಾರು ಕಡೆಯವಳು. ಮದುವೆಯಾಗಿ ಬಂದು ಎರಡು ತಿಂಗಳು. ಈ ದಾರಿಯಲ್ಲಿ ಅವಳಿಗೆ ಎಲ್ಲ ತೋಟವೂ ಒಂದೇ. ನಾನೇ ಇಬ್ಬರನ್ನೂ ಸೀಟಿನಲ್ಲಿ ಕೂರಿಸಿದೆ. "ಗೊಲ್ಲರಹಟ್ಟಿ ಬಂದಾಗ ಹೇಳಪ್ಪ" ಅಂದರು ಅಜ್ಜಿ. "ಟೇಪೇ ಕೂಗ್ತದೆ ಅಜ್ಜಿ, ಚಿಂತೆ ಮಾಡ್ಬೇಡಿ" ಅಂದು ಹಿಂದಕ್ಕೆ ಹೋದೆ.

ಆ ದಿನ ದಾರಿಯಲ್ಲಿ ದೊಡ್ಡ ಕುರಿಮಂದೆ ಅಡ್ಡ ಬಂತು. ಬಸ್ಸು ಆಮೆಯ ಹಾಗೆ ಹೋಯಿತು, ಟೇಪು ತನ್ನ ಪಾಡಿಗೆ ಓಡಿತು. ಆಲದಮರದಲ್ಲಿ ಯಾರೋ ಇಳಿಯಬೇಕೆಂದು ಬಸ್ಸು ನಿಲ್ಲುತ್ತಿರುವಾಗಲೇ ಟೇಪು ಗೊಲ್ಲರಹಟ್ಟಿ ಗೇಟು ಎಂದು ಕೂಗಿತು. ಅತ್ತೆ ಸೊಸೆ ಇಳಿದರು. ನಾನು ಹಿಂದಿನ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದೆ.

ಅಲ್ಲಿಂದ ಅವರ ಗೇಟು ಮೂರು ಮೈಲಿ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಯಾರನ್ನೋ ಕೇಳಿ ಹೊಲದ ಬದುವಿನ ಮೇಲೆ ಅಡ್ಡದಾರಿ ಹಿಡಿದಿದ್ದಾರೆ. ನಡುವೆ ಅಜ್ಜಿ ಮುಗ್ಗರಿಸಿ ಬಿದ್ದು ಕಣ್ಣಿನ ಕಟ್ಟು ಕಳಚಿ ಮಣ್ಣಿಗೆ ಬಿದ್ದಿದೆ. ಗೌರಮ್ಮ ಅದನ್ನೇ ಕೊಡವಿ ಮತ್ತೆ ಕಟ್ಟಿದ್ದಾಳೆ. ಪಾಪ, ಅವಳಿಗೇನು ಗೊತ್ತು.

ನನಗೆ ಇದು ತಿಳಿದದ್ದು ಎಂಟು ದಿನ ಬಿಟ್ಟು. ಗೊಲ್ಲರಹಟ್ಟಿ ಗೇಟಿನಲ್ಲಿ ಅಜ್ಜಿಯ ಮಗ ತಿಮ್ಮಯ್ಯ ಬಸ್ಸಿನ ಮುಂದೆ ಬಂದು ನಿಂತ. ಗಲಾಟೆ ಮಾಡಲಿಲ್ಲ. ನನ್ನನ್ನು ಕೆಳಗೆ ಕರೆದು ಕೇಳಿದ.

"ನಮ್ಮವ್ವನ ಕಣ್ಣು ಕೀವಾಗದೆ. ಇನ್ನು ಬರಾಕಿಲ್ಲ ಅಂದವ್ರೆ ಡಾಕ್ಟ್ರು. ನಿಮ್ಮ ಪೆಟ್ಟಿಗೆ ಗೊಲ್ಲರಹಟ್ಟಿ ಅಂತಂತೆ. ನೀವೆಲ್ಲಿದ್ರಿ?"

"ಬಸ್ಸೊಳಗೇ ಇದ್ದೆ ಕಣಪ್ಪ."

"ಒಳಗಿದ್ದವರಿಗೆ ಅದು ತಪ್ಪು ಕೂಗಿದ್ದು ಕೇಳ್ಸಲಿಲ್ವಾ?"

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅದು ನನ್ನದೇ ದನಿ, ನನ್ನ ತಲೆಯ ಮೇಲಿನ ಸ್ಪೀಕರಿನಿಂದಲೇ ಬಂದಿತ್ತು. ದಿನಕ್ಕೆ ನಾಲ್ಕು ಟ್ರಿಪ್ಪು ಕೇಳಿ ಕೇಳಿ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

ತಿಪಟೂರಿಗೆ ಹೋಗಿ ಆ ಡಾಕ್ಟರನ್ನೇ ಕಂಡೆ. "ಮಣ್ಣು ಬಿದ್ದದ್ದರಿಂದಲೂ ಆಗಿರಬಹುದು. ಬೀಳದಿದ್ದರೂ ಕೆಲವರಿಗೆ ಹೀಗಾಗುತ್ತದೆ. ಹೇಳೋದು ಕಷ್ಟ" ಎಂದರು. ಸಾವ್ಕಾರ್ರಿಗೆ ಹೇಳಿದೆ. ಅವರು ಸುತ್ತ ನೋಡಿ ಬಾಗಿಲು ಮುಂದೆ ಮಾಡಿದರು. "ನಮ್ಮ ಬಸ್ಸಿಂದಾಯ್ತು ಅಂತ ಎಲ್ಲೂ ಬಾಯಿಬುಡಬೇಡ. ಡಾಕ್ಟ್ರೇ ಗೊತ್ತಿಲ್ಲ ಅಂದ್ಮೇಲೆ ನಿನಗೇನು ಗೊತ್ತು?"

ಸಾವ್ಕಾರ್ರ ಮಾತು ಮೀರಿ ಒಂದು ದಿನ ರಜಾ ಹಾಕಿ ಹಟ್ಟಿಗೆ ಹೋದೆ. ಕೆಂಚಮ್ಮ ಜಗಲಿಯ ಮೇಲೆ ಕೂತಿದ್ದರು. ನನ್ನ ಮಾತು ಕೇಳುತ್ತಲೇ, "ಬಸ್ಸಿನ ಪೆಟ್ಟಿಗೆಯವನಲ್ವಾ ನೀನು" ಅಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಸೊಸೆಗೆ ಮಜ್ಜಿಗೆ ತರಲು ಹೇಳಿದರು.

"ತಪ್ಪು ನಂದೇ ಅಜ್ಜಿ."

"ದನಿ ಚೆನ್ನಾಗಿತ್ತು ಕಣಪ್ಪ. ಅಷ್ಟು ಗಟ್ಟಿಯಾಗಿ ಹೇಳ್ತಾವ್ನೆ, ಸರ್ಯಾಗೇ ಇರ್ಬೇಕು ಅಂತ ಇಳಿದೆ. ಗೌರಿ ಬ್ಯಾಡ ಅಂದ್ಲು, ಕಂಡಕ್ಟ್ರನ್ನ ಕೇಳಾಣ ಅಂದ್ಲು. ಕಂಡಕ್ಟ್ರೇ ತಾನೆ ಕೂಗ್ತಿರೋದು ಅಂದೆ."

ಗೌರಮ್ಮ ಕಂಬದ ಹಿಂದೆ ನಿಂತು ಅಳುತ್ತಿದ್ದಳು. ಮಜ್ಜಿಗೆ ಕುಡಿದು ಬಂದೆ. ಅದನ್ನು ಕುಡಿಯಬಾರದಿತ್ತೇನೋ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಮಾರನೆಯ ದಿನವೇ, ಇದನ್ನು ಎಸೆದುಬಿಡುತ್ತೇನೆಂದು ಬಾಷಾ ಸಾಹೇಬರಿಗೆ ಹೇಳಿ, ಕ್ಯಾಸೆಟ್ಟನ್ನು ತೆಗೆದು ಕಿಟಕಿಯಿಂದ ಎಸೆಯಲು ಹೋದೆ. ಆ ಮಾತು ಕೇಳಿಸಿಕೊಂಡು ತಡೆದವರು ರಂಗಣ್ಣ.

ರಂಗಣ್ಣನಿಗೆ ಹುಟ್ಟಿನಿಂದ ಕಣ್ಣಿಲ್ಲ. ತುರುವೇಕೆರೆಯ ಆಚೆ ಕಲ್ಲುಮಂಟಪದ ಸ್ಟಾಪಿನಿಂದ ದಿನಾ ಬೆಳಗಿನ ಬಸ್ಸಿಗೆ ತಿಪಟೂರಿಗೆ ಬಂದು, ಸಂಜೆಯ ಬಸ್ಸಿಗೆ ವಾಪಸ್ಸು. ಕೊಬ್ಬರಿ ಮಂಡಿಯವರ ಹತ್ತಿರ ಅವರಿಗೊಂದು ವಿಚಿತ್ರ ಕೆಲಸವಿತ್ತು. ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯಿ ಇರುತ್ತದಲ್ಲ, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು. ಅವರು ಬಿಟ್ಟಿದೆ ಅಂದರೆ ಬಿಟ್ಟಿರುತ್ತಿತ್ತು. ಬಸ್ಸಿನಲ್ಲಿ ಬಾನೆಟ್ಟಿನ ಪಕ್ಕದ ಸೀಟು ಅವರದು. ಟೇಪು ಬಂದಂದಿನಿಂದ ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಎರಡು ಸಲ ತಪ್ಪು ಸ್ಟಾಪಿನಲ್ಲಿ ಇಳಿದು ಮತ್ತೆ ಹತ್ತಿದ್ದು ಮಾತ್ರ ನಾನು ನೋಡಿದ್ದೆ. ಯಾಕೆಂದು ಕೇಳಿರಲಿಲ್ಲ.

"ಯಾಕೆ ಎಸೀತೀಯಾ? ನಿನ್ ಟೇಪಿಗೆ ಬಾಯಿ ಚೆನ್ನಾಗದೆ. ಬಸ್ಸು ಎಲ್ಲೈತೆ ಅಂತ ಅದಕ್ಕೆ ಗೊತ್ತಿಲ್ಲ, ಅಷ್ಟೇಯ. ನಂಗೊತ್ತು" ಅಂದರು.

"ನಿಮಗೆ ಹೆಂಗೆ ಗೊತ್ತಾಗ್ತದೆ ರಂಗಣ್ಣ?"

"ಹಾಡು ನಿಲ್ಸು, ಹೇಳ್ತೀನಿ."

ಹಾಡು ನಿಲ್ಲಿಸಿದೆ. ಅವರು ಹೇಳುತ್ತ ಹೋದರು. ಇಲ್ಲಿ ಚಕ್ರದ ಸದ್ದು ಟೊಳ್ಳಾಯಿತು, ಮೋರಿ ಬಂತು. ಈಗ ತೋಳಿನ ಮೇಲೆ ತಂಪು, ಹೊಂಗೆ ಸಾಲು. ಕೊಳೆತ ಸಿಪ್ಪೆ ವಾಸನೆ, ನಾರು ತೆಗೆಯುವವರ ಗುಂಡಿ. ಅಕ್ಕಿ ಮಿಲ್ಲಿನ ಬೆಲ್ಟು ಟಪಟಪ ಅನ್ನುತ್ತದೆ, ಅದು ನಿಂತಿದ್ದರೆ ಹೊಟ್ಟಿನ ವಾಸನೆಯಾದರೂ ಇದ್ದೇ ಇರುತ್ತದೆ. ತಾವು ಇಳಿದ ಮೇಲಿನ ದಾರಿಯನ್ನೂ ಬಿಡಲಿಲ್ಲ, ಅಮ್ಮಸಂದ್ರ ಇನ್ನೂ ಒಂದು ಮೈಲಿ ಇರುವಾಗಲೇ ನಾಲಿಗೆಯ ಮೇಲೆ ಅಲ್ಲಿನ ಕಾರ್ಖಾನೆಯ ಸಿಮೆಂಟಿನ ರುಚಿ. ಅಷ್ಟು ವರ್ಷ ಅದೇ ದಾರಿಯಲ್ಲಿ ನಿಂತಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಬಾಷಾ ಸಾಹೇಬರು ಮೊದಲ ಸಲ ಜೋರಾಗಿ ನಕ್ಕರು.

ಅದೇ ಕ್ಯಾಸೆಟ್ ಅಂಗಡಿಯಲ್ಲಿ ಹಾಡೇ ಇಲ್ಲದ ಇನ್ನೊಂದು ಕ್ಯಾಸೆಟ್ ತುಂಬಿಸಿದೆ. ಹೋಗುವಾಗಿನ ಸ್ಟಾಪುಗಳು ಒಂದು ಕಡೆ, ಬರುವಾಗಿನವು ಇನ್ನೊಂದು ಕಡೆ. ರಂಗಣ್ಣ ಗುಂಡಿ ಒತ್ತಿದರೆ ಒಂದು ಹೆಸರು ಬರುತ್ತಿತ್ತು, ತಕ್ಷಣ ನಿಲ್ಲಿಸುತ್ತಿದ್ದರು. ಹೀಗೆ ಬೆಳಗಿನ ಟ್ರಿಪ್ಪು, ಸಂಜೆಯ ಟ್ರಿಪ್ಪು, ಅವರು ಬಸ್ಸಿನಲ್ಲಿರುವಷ್ಟು ದೂರ ಅವರ ಕೈಲಿ. ಉಳಿದದ್ದಕ್ಕೆಲ್ಲ ಅವರಿಂದ ಕಲಿತಷ್ಟನ್ನು ನೆನಪಿಟ್ಟುಕೊಂಡು ನಾನೇ ಒತ್ತುತ್ತಿದ್ದೆ.

ಹಾಡು ನಿಂತದ್ದಕ್ಕೆ ಜನ ಗೊಣಗಿದರು. ಕೆಲವರು ಆ ಇನ್ನೊಂದು ಬಸ್ಸಿಗೆ ಹೋದರು. ಉಳಿದವರು ತಾವಾಗಿಯೇ ಒಂದು ಆಟ ಹುಟ್ಟಿಸಿಕೊಂಡರು. ಕಣ್ಣು ಮುಚ್ಚಿಕೊಂಡು ಕೂರುವುದು. ರಂಗಣ್ಣ ಗುಂಡಿ ಒತ್ತುವ ಮೊದಲೇ ಸ್ಟಾಪಿನ ಹೆಸರು ಹೇಳುವುದು. ಹೇಳಿದವರು ಗೆದ್ದಂತೆ. ಗೆದ್ದವರಿಗೆ ಏನೂ ಇಲ್ಲ, ಮಾರನೆಯ ದಿನದ ಹೆಚ್ಚುಗಾರಿಕೆ ಅಷ್ಟೆ. ಮೇಷ್ಟ್ರುಗಳು, ಹಾಲಿನವರು, ಹೂವಿನ ಬುಟ್ಟಿಯ ಹೆಂಗಸರು, ಎಲ್ಲರೂ ಕಣ್ಣು ಮುಚ್ಚಿಕೊಂಡು ಕೂತ ಬಸ್ಸು ಒಂದು ನೋಡುವಂಥ ದೃಶ್ಯವಾಗಿತ್ತು. ಒಂದು ಸಲ ದಾರಿಯಲ್ಲಿ ಬಸ್ಸು ಹತ್ತಿದ ಚೆಕಿಂಗ್ ಇನ್ಸ್‌ಪೆಕ್ಟರು ಗಾಬರಿಯಾಗಿ, "ಏನಾಗಿದೆ ಇವರಿಗೆಲ್ಲ?" ಎಂದು ನನ್ನನ್ನು ಪಿಸುದನಿಯಲ್ಲಿ ಕೇಳಿದರು. ಸ್ಟಾಪು ತಪ್ಪಿಸಿಕೊಳ್ಳುವವರೇ ಇಲ್ಲವಾದರು. ಸುಮಾರು ಆರು ವರ್ಷ ಇದು ನಡೆಯಿತು. ನನ್ನ ಇಡೀ ಕೆಲಸದಲ್ಲಿ ನಾನು ನೆಮ್ಮದಿಯಾಗಿದ್ದ ಕಾಲ ಅದೇ. ಆದರೆ ಒಂದು ಕಣ್ಣು ಹೋದ ಮೇಲೆ ಬಂದ ನೆಮ್ಮದಿ ಅದು. ಹಾಗೆ ಅನ್ನಿಸಿದಾಗೆಲ್ಲ ನೆಮ್ಮದಿಯೂ ಇರುತ್ತಿರಲಿಲ್ಲ.

ರಂಗಣ್ಣನನ್ನು ಯಾರೂ ಗೆಲ್ಲುತ್ತಿರಲಿಲ್ಲ. ಗೆದ್ದವರು ಒಬ್ಬರೇ. ಕೆಂಚಮ್ಮ ಒಂದು ಸಂಜೆ ಗೌರಮ್ಮನ ಜೊತೆ ತಿಪಟೂರಿನಿಂದ ಬರುತ್ತಿದ್ದರು. ಗೌರಮ್ಮನ ತೊಡೆಯ ಮೇಲೆ ಆಗ ಎರಡು ವರ್ಷದ ಮಗಳಿದ್ದಳು. ಆಟ ನಡೆದಿತ್ತು. ಬಸ್ಸು ಹೊಂಗೆ ಸಾಲು ದಾಟುತ್ತಲೇ ಅಜ್ಜಿ, "ಆಲದಮರ" ಅಂದುಬಿಟ್ಟರು. ರಂಗಣ್ಣನ ಬೆರಳು ಗುಂಡಿಯ ಮೇಲೇ ನಿಂತಿತು.

"ಹೆಂಗೆ ಗೊತ್ತಾಯ್ತಮ್ಮ? ಇನ್ನೂ ಗಾಳಿ ತಿರುಗಿಲ್ಲ" ಎಂದು ಕೇಳಿದರು ರಂಗಣ್ಣ.

"ಒಂದು ಕಿತ ನಡ್ಕೊಂಡೋಗಿವ್ನಲ್ಲಪ್ಪ ಇಲ್ಲಿಂದ" ಅಂದರು ಅಜ್ಜಿ.

ಬಸ್ಸಿನವರೆಲ್ಲ ನಕ್ಕರು, ಅಜ್ಜಿಯೂ ನಕ್ಕರು. ನನಗೆ ಚುಚ್ಚಲೆಂದು ಅಂದರೋ, ಗೆದ್ದ ಖುಷಿಗೆ ಅಂದರೋ ತಿಳಿಯಲಿಲ್ಲ. ಗೌರಮ್ಮನ ಮುಖ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿದ್ದಳು.

ಎಂಬತ್ತರ ದಶಕದ ನಡುವೆ ವಿಡಿಯೋ ಬಂತು. ಸಾವ್ಕಾರ್ರು ಹೊಸ ಬಸ್ಸು ಕಟ್ಟಿಸಿದರು. ಮುಂದೆ ಡ್ರೈವರಿನ ಹಿಂದೆ ಮೇಲ್ಗಡೆ ಟಿ.ವಿ., ಪೆಟ್ಟಿಗೆಯೊಳಗೆ ವಿಡಿಯೋ ಸೆಟ್ಟು, ಕಿಟಕಿಗಳಿಗೆಲ್ಲ ದಪ್ಪ ನೀಲಿ ಪರದೆ. ಬೆಳಕು ಬಂದರೆ ಚಿತ್ರ ಕಾಣುವುದಿಲ್ಲ, ಪರದೆ ಸರಿಸಬಾರದು ಎಂದು ಕಟ್ಟಪ್ಪಣೆ. ಅದು ದೂರದ ಊರಿಗೆ ಹೋಗುವ ಬಸ್ಸಿಗೆ ಸರಿ, ಹತ್ತು ನಿಮಿಷಕ್ಕೊಂದು ಸ್ಟಾಪು ಇರುವ ನಮಗೆ ಯಾಕೆ ಎಂದು ನಾನು ಕೇಳಿದೆ. "ಜನ ಕೇಳ್ತವ್ರೆ" ಅಂದರು ಸಾವ್ಕಾರ್ರು. ಅದು ಸುಳ್ಳಲ್ಲ. ಕಣ್ಣು ಮುಚ್ಚಿ ಆಟ ಆಡುತ್ತಿದ್ದವರೇ ಕೇಳಿದ್ದರು. ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಸೀಟು ಹಿಡಿದವರು ಆಟದಲ್ಲಿ ರಂಗಣ್ಣನ ಎದುರಾಳಿಯಾಗಿದ್ದ ಮೇಷ್ಟ್ರೇ.

ಹೊಸ ಬಸ್ಸಿನಲ್ಲಿ ಬಾನೆಟ್ಟಿನ ಮೇಲೆ ಟೇಪಿಗೆ ಜಾಗವಿರಲಿಲ್ಲ. ರಂಗಣ್ಣ ತಮ್ಮ ಸೀಟಿನಲ್ಲಿ ಕೂತು ಸುಮ್ಮನೆ ಬಾಯಲ್ಲೇ ಹೇಳತೊಡಗಿದರು. ಪರದೆ ಹಾಕಿದ ಮೇಲೆ ಗಾಳಿಯಿಲ್ಲ, ವಾಸನೆಯಿಲ್ಲ. ಚಕ್ರದ ಸದ್ದೊಂದನ್ನೇ ಹಿಡಿದು ಅರ್ಧ ದಾರಿ ಸರಿಯಾಗಿ ಹೇಳಿದರು. ಟಿ.ವಿ.ಯಲ್ಲಿ ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರು. "ಮಿಲ್ಲು ಬಂತು, ಮಿಲ್ಲಿನವರು ಏಳಿ" ಎಂದು ರಂಗಣ್ಣ ಕೂಗಿದಾಗ ಹಿಂದಿನಿಂದ ಒಬ್ಬ, "ಸುಮ್ಕಿರಿ ಅಣ್ಣ, ಮಾತು ಕೇಳ್ಸಾಕಿಲ್ಲ" ಅಂದ. ಇನ್ನಿಬ್ಬರು ದನಿಗೂಡಿಸಿದರು. ಎಲ್ಲ ನನ್ನ ಕಡೆ ನೋಡಿದರು.

ಸವಿತಾ, ಇಂಥ ಹೊತ್ತಿಗೆ ಕಂಡಕ್ಟರನಾದವನು ಏನು ಮಾಡಬೇಕು ಎನ್ನುವುದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಸರಿಯಾಗಿ ಹೇಳುತ್ತಿದ್ದವರು ಆ ಬಸ್ಸಿನಲ್ಲಿ ರಂಗಣ್ಣ ಒಬ್ಬರೇ. ಬೇಡ ಅನ್ನುತ್ತಿದ್ದವರು ಐವತ್ತು ಜನ, ಅವರೂ ನನ್ನ ಪ್ರಯಾಣಿಕರೇ. ನಾನು ಮುಂದೆ ಹೋಗಿ ಬಗ್ಗಿ, "ರಂಗಣ್ಣ, ಇವತ್ತೊಂದು ದಿನ ಸುಮ್ನಿದ್ದುಬುಡಿ" ಅಂದೆ.

ಅವರು ತಲೆಯಾಡಿಸಿದರು. ಕೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತರು. ತುರುವೇಕೆರೆ ದಾಟಿ ಸ್ವಲ್ಪ ಹೊತ್ತಿಗೆ ಬಸ್ಸು ಎಲ್ಲೋ ನಿಂತಿತು. ಯಾರೂ ಎದ್ದು ಇಳಿಯಲಿಲ್ಲ. ಟಿ.ವಿ.ಯಲ್ಲಿ ಹಾಡು ಶುರುವಾಗಿತ್ತು. ರಂಗಣ್ಣ ಎದ್ದು, ಕೈಚಾಚಿ ನನ್ನ ತೋಳು ಹುಡುಕಿ ಹಿಡಿದರು.

"ಪುಟ್ಟಸ್ವಾಮಣ್ಣ, ಇದು ನಮ್ಮ ಕಲ್ಲುಮಂಟಪಾನಾ?"

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಹೌದು ಎಂದು ಹೇಳಲು ಬಾಯಿ ತೆರೆದೆ. ಖಾತ್ರಿಯಿರಲಿಲ್ಲ. ಪಕ್ಕದ ಕಿಟಕಿಯ ಪರದೆ ಎತ್ತಿ ಹೊರಗೆ ನೋಡಿದೆ. ತೆಂಗಿನ ಮರ, ಅದರ ಹಿಂದೆ ತೆಂಗಿನ ಮರ. ಯಾವ ಊರಿನ ತೋಟವೋ ನನಗೆ ತಿಳಿಯಲಿಲ್ಲ. "ಬೆಳಕು ಬರ್ತದೆ, ಪರದೆ ಬುಡ್ರೀ" ಎಂದು ಯಾರೋ ಕೂಗಿದರು. ನಾನು ಪರದೆ ಬಿಟ್ಟು, ರಂಗಣ್ಣನ ಕೈ ಹಿಡಿದುಕೊಂಡೇ ಮುಂದೆ ಬಗ್ಗಿ ಬಾಷಾ ಸಾಹೇಬರನ್ನು ಕೇಳಿದೆ.

"ಸಾಹೇಬ್ರೇ, ಎಲ್ಲಿದ್ದೀವಿ?"